ವೈದ್ಯರು ಬರೂಮಟಾ

ಭೀಮಸಿ ಅಣ್ಣನ ಹೆಣ ಕೂರಿಸಿದ ವಿಮಾನದ ಬಿದಿರಿಗೆ ಹೆಗಲು ಕೊಡಲು ಬಗ್ಗಿದ್ದೇ ತಡ, ಸಕ್ಕುಬಾಯಿ ಬಂದು ಅಡ್ಡ ನಿಂತಳು.

“ಎತ್ತಬ್ಯಾಡ. ವೈದ್ಯರು ಬರ್ಲಿ.”

“ವೈನಿ, ಹೊತ್ತು ಇಳಿಯಾಕತ್ತೈತಿ. ಹೊಲದಾಗ ಕುಣಿ ತಗದು ಕುಂತಾರ.”

“ಬರ್ಲಿ ಅಂದ್ನೆಲ್ಲ.”

ಮೈದುನ ಬಿದಿರು ಬಿಟ್ಟು ಹಿಂದೆ ಸರಿದ. ಅಂಗಳಕ್ಕೆ ಕಟ್ಟಿದ ತಾಡಪತ್ರಿಯ ಮೇಲೆ ಶ್ರಾವಣದ ಜಿನುಗು ಮಳೆ ಬೀಳುತ್ತಿತ್ತು. ಅದರ ಕೆಳಗೆ ವಿಮಾನದಲ್ಲಿ ಮುರಗೆಪ್ಪ ಹಣೆತುಂಬ ವಿಭೂತಿ ಬಳಿಸಿಕೊಂಡು ಕುಳಿತಿದ್ದ. ಕೈಕಾಲು ಕಡ್ಡಿ, ಮುಖ ಮಾತ್ರ ಊದಿ ದುಂಡಗಾಗಿತ್ತು.

“ಎಂಥಾ ನಂಬಿಕಿ ನೋಡ್ರೆವ್ವಾ,” ಎಂದಳು ಕಸ್ತೂರೆವ್ವ, ನಡುನಡುವೆ ಉಸಿರಿಗೆ ನಿಲ್ಲುತ್ತ. “ಗಂಡ ಹೋದ್ರೂ ವೈದ್ಯರ ಮ್ಯಾಲಿನ ಭಕ್ತಿ ಹೋಗಿಲ್ಲ.” ಮುರಗೆಪ್ಪನ ಜೊತೆ ತಂಬಾಕಿನ ವಖಾರಿಯಲ್ಲಿ ದುಡಿದವಳು ಆಕೆ. ಆಕೆಯ ಕೆನ್ನೆಗಳೂ ಈಚೆಗೆ ತುಂಬಿಕೊಂಡಿದ್ದವು.

ಸಕ್ಕುಬಾಯಿ ಆ ಕೆನ್ನೆಗಳನ್ನು ನೋಡಿದಳು.

* * *

ಮೀಸೆ ಮೂಡುವ ಮೊದಲೇ ಮುರಗೆಪ್ಪ ನಿಪ್ಪಾಣಿಯ ವಖಾರಿ ಸೇರಿದ್ದ. ತಂಬಾಕು ಬಡಿಯುವುದು, ಜರಡಿ ಹಿಡಿಯುವುದು. ಒಂದು ಬೀಡಿ ಸೇದಿದವನಲ್ಲ. ಆದರೂ ಆ ಘಾಟು ಎದೆಯೊಳಗೆ ಬಿಡಾರ ಹೂಡಿತು. ಕೆಮ್ಮು ಎದ್ದರೆ ಸಕ್ಕುಬಾಯಿ ಹಿತ್ತಲಿನ ಆಡುಸೋಗೆ ಎಲೆ ಕುದಿಸಿ, ಹಿಪ್ಪಲಿ ಪುಡಿ ಹಾಕಿ ಕೊಡುತ್ತಿದ್ದಳು. ಕಫ ಸಡಿಲಾಗುತ್ತಿತ್ತು, ಆದರೆ ದಮ್ಮು ಬಿಡುತ್ತಿರಲಿಲ್ಲ.

ಚಿಕ್ಕೋಡಿಯ ಡಾಕ್ಟರರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಕೊಟ್ಟರು. “ಕಷಾಯ ಬೇಕಾದ್ರ ಕುಡೀರಿ ಅಜ್ಜಾರ. ಪಂಪ್ ಮಾತ್ರ ಬಿಡಬ್ಯಾಡ್ರಿ,” ಅಂದರು.

ಮುರಗೆಪ್ಪನಿಗೆ ನಾಲ್ಕು ಮಂದಿಯೆದುರು ಪಂಪು ಹಿಡಿಯಲು ನಾಚಿಕೆ. ಬೋರಗಾಂವದ ಸಂಗ್ರಾಮ ವೈದ್ಯ ಆ ನಾಚಿಕೆಯನ್ನು ಸರಿಯಾಗಿ ಹಿಡಿದ. “ಪುಪ್ಪಸದಾಗ ಬಾವು ಬಂದೈತಿ. ನನ್ನ ಬೇರಿನ ಪುಡಿ ಬಾವು ಇಳಸ್ತೈತಿ. ಆ ಪಂಪ್ ಒಗೀರಿ ಅತ್ತಾಗ.”

ಪುಡಿ ಹೊಟ್ಟೆಗೆ ಬಿದ್ದ ವಾರದೊಳಗೆ ಮುರಗೆಪ್ಪ ಮಾಳಿಗೆಯ ಮೆಟ್ಟಿಲು ಸರಸರ ಹತ್ತಿದ. ಸಂಗ್ರಾಮ ಅದನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿದ. ‘ಬರೇ ಗಿಡಮೂಲಿಕೆ! ಪಂಪಿನಿಂದ ಮುಕ್ತಿ!’ ವಖಾರಿಯ ಅರ್ಧ ಮಂದಿ ಅವನ ಬಾಗಿಲಿಗೆ ಹೋದರು.

ಆಮೇಲೆ ಮುಖ ಊದಿತು. ತೊಗಲು ಹಾಳೆಯಂತೆ ಹರಿಯತೊಡಗಿತು, ಸಕ್ಕರೆ ಕಾಯಿಲೆ ಏರಿತು. ಕಾಲಿನ ಸಣ್ಣ ಗಾಯ ಕೀವಾಗಿ ಮೈಯೆಲ್ಲ ನಂಜಾಯಿತು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ಪುಡಿಯನ್ನು ಬೆರಳಲ್ಲಿ ತಿಕ್ಕಿ, “ಇದರಾಗ ಬೇರಷ್ಟ ಇಲ್ಲವ್ವ. ಸ್ಟಿರಾಯ್ಡ್ ಅಂತಾರಲ್ಲ, ಆ ಬಿರುಸು ಗುಳಿಗಿ ಅರದು ಕಲಸಿದಂಗೈತಿ. ಮಾರಿ ಊದೂದು ಅದರಿಂದನ. ತಪಾಸಣಿ ಆಗಬೇಕು,” ಎಂದರು.

ಗಂಡನ ಉಸಿರು ನಿಂತಾಗ ಸಕ್ಕುಬಾಯಿ ಅಳಲಿಲ್ಲ. ಬೆಳಕು ಹರಿಯುತ್ತಲೇ ಸಂಗ್ರಾಮನಿಗೆ ಫೋನು ಹಚ್ಚಿ, ಬೆಲ್ಲದಂಥ ದನಿಯಲ್ಲಿ ಹೇಳಿದಳು: “ನೀವು ಬರದ ಮಣ್ಣ ಮಾಡಂಗಿಲ್ರಿ. ಅವರ ಆಸೆ ಅದು.” ನಂತರ ಪುಡಿಯ ಡಬ್ಬಿ ಕೊಟ್ಟು ಮಗಳು ಸಾರಿಕಾಳನ್ನು ನಿಪ್ಪಾಣಿಯ ಪೊಲೀಸ್ ಠಾಣೆಗೆ ಕಳಿಸಿದಳು.

* * *

ಬಿಳಿ ಕಾರು ಬಂತು. ಸಂಗ್ರಾಮ ದೊಡ್ಡ ಹಾರ ಹಿಡಿದು ಇಳಿದ. ಮಂದಿ ದಾರಿ ಬಿಟ್ಟರು. ಹಾರ ಹಾಕಿ ಕೈಮುಗಿದು ತಿರುಗಿದವನ ಎದುರು ಸಕ್ಕುಬಾಯಿ.

“ವಿಡಿಯೋ ತಗೀರಲ್ಲ.”

“ಏನವ್ವ?”

“ಮೆಟ್ಟಲಾ ಹತ್ತೂದು ಊರೂರಿಗೆ ತೋರಿಸಿದ್ರಿ. ಇದನ್ನೂ ತೋರಿಸ್ರಿ. ಮಾರಿ ಚೊಲೋತ್ನಾಗಿ ಬರೂವಂಗ ತಗೀರಿ.”

ಭಜನೆಯ ತಾಳ ನಿಂತಿತು.

“ದುಃಖದಾಗ ಮಾತಾಡಾಕತ್ತಾಳ,” ಎಂದ ಸಂಗ್ರಾಮ ಸುತ್ತ ನೋಡಿ.

“ಪುಡಿಯಾಗ ಏನ ಹಾಕ್ತೀರಿ?”

“ಆಡುಸೋಗಿ, ಹಿಪ್ಪಲಿ, ಅರಿಷಿಣ. ಎಲ್ಲಾ ಗಿಡಮೂಲಿಕಿ.”

“ಅವು ನನ್ನ ಹಿತ್ತಲದಾಗೂ ಅದಾವು. ವರ್ಷಾನುಗಟ್ಲೆ ಕುಡಿಸೀನಿ, ಒಮ್ಮೆನೂ ಅವರ ಮಾರಿ ಊದಿಲ್ಲ.” ಆಕೆ ಕಸ್ತೂರೆವ್ವನ ಕಡೆ ಕೈ ಮಾಡಿದಳು. “ಆ ಮಾರಿ ನೋಡ್ರಿ. ಈ ಮಾರಿ ನೋಡ್ರಿ.”

ಹೆಂಗಸರೆಲ್ಲ ನೋಡಿದರು. ಕಸ್ತೂರೆವ್ವ ಎರಡೂ ಕೈಗಳಿಂದ ತನ್ನ ಕೆನ್ನೆ ಮುಟ್ಟಿಕೊಂಡಳು.

“ಪೊಲೀಸರು ಬರಾಕತ್ತಾರ. ಇವರನ್ನ ಕೊಯ್ದು ನೋಡ್ತಾರ,” ಎಂದಳು ಸಕ್ಕುಬಾಯಿ.

ಭೀಮಸಿ ಆಕೆಯ ಕಾಲಿಗೆ ಬಿದ್ದ. “ಅಣ್ಣನ ಮೈ ಕೊಯ್ಸಬ್ಯಾಡ ವೈನಿ! ಕುಲಕ್ಕ ಕುಂದು. ದೇವರು ನೋಡ್ಕೋತಾನ ಇವನ್ನ.”

“ದೇವರು ನಿಧಾನ ಭೀಮಸಿ. ನನಗ ಅಷ್ಟು ಪುರುಸೊತ್ತಿಲ್ಲ.” ಗಂಡನ ಎದೆಯ ಮೇಲಿನ ಆ ಹಾರವನ್ನು ಕಿತ್ತು ಕೆಸರಿಗೆ ಎಸೆದಳು. ಅಷ್ಟರಲ್ಲಿ ಆಕೆಯ ದನಿ ಒಡೆಯಿತು. “ಮಣ್ಣಾಗಿಟ್ರ ಇವರ ಜೋಡಿ ಅವನ ಪಾಪಾನೂ ಮಣ್ಣಾಗ ಹೋಗತೈತಿ. ಹೋಗಾಕ ಬಿಡಂಗಿಲ್ಲ ನಾ.”

ಭೀಮಸಿ ಆಕೆಯ ಕಾಲು ಬಿಟ್ಟ. ಆಮೇಲೆ ಎದ್ದು, ಬಿದಿರಿಗೆ ಕಟ್ಟಿದ ಹಗ್ಗವನ್ನು ತಾನೇ ಬಿಚ್ಚತೊಡಗಿದ.

ಸಂಗ್ರಾಮ ಓಡಿ ಕಾರು ಸೇರಿ ಬಾಗಿಲು ಹಾಕಿಕೊಂಡ. ಕಸ್ತೂರೆವ್ವ ಏದುಸಿರು ಬಿಡುತ್ತ ಹೋಗಿ ಕಾರಿನ ಮುಂದೆ ಕೆಸರಿನಲ್ಲೇ ಕುಳಿತಳು. ಆಕೆಯ ಪಕ್ಕ ಇನ್ನೊಬ್ಬಳು, ಮತ್ತೊಬ್ಬಳು. ವಖಾರಿಯ ಹೆಂಗಸರೆಲ್ಲ ಕುಳಿತರು. ಕಾರಿನ ಹಿಂದೆ ಓಣಿಗೆ ಅಡ್ಡವಾಗಿ ಗಂಡಸರು ನಿಂತರು. ಯಾರೂ ಕಲ್ಲೆತ್ತಲಿಲ್ಲ, ಬಯ್ಯಲಿಲ್ಲ.

ಸಕ್ಕುಬಾಯಿ ಮಳೆಯಲ್ಲೇ ಕಾರಿನ ಪಕ್ಕ ಬಂದು ನಿಂತಳು. ಮುಚ್ಚಿದ ಗಾಜಿನಾಚೆ ಸಂಗ್ರಾಮನ ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ಅವನ ಬಿಸಿಯುಸಿರಿಗೆ ಗಾಜು ಒಳಗಿನಿಂದ ಮಬ್ಬಾಗುತ್ತಿತ್ತು. ಅವನು ಅಂಗೈಯಿಂದ ಒರೆಸುತ್ತಿದ್ದ, ಅದು ಮತ್ತೆ ಮಬ್ಬಾಗುತ್ತಿತ್ತು.