ಪ್ರತಿ ಬೆಳಿಗ್ಗೆ ಸೊನ್ನೆ

ನಾನು ವಾಲುವಿಕೆಯನ್ನು ಅಳೆಯುವ ಒಂದು ಸಣ್ಣ ಯಂತ್ರ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡವನು. ಮೈಮೇಲೆ ಒಂದು ಪರದೆ, ಒಂದೇ ಒಂದು ಗುಂಡಿ. ಅದನ್ನು ಒತ್ತಿದರೆ ಆ ಕ್ಷಣದಲ್ಲಿ ನಾನು ಹೇಗಿರುತ್ತೇನೋ ಅದನ್ನೇ ನೇರ ಎಂದುಕೊಂಡು ಸೊನ್ನೆ ತೋರಿಸುತ್ತೇನೆ. ನನ್ನನ್ನು ಜೋಡಿಸಿದವರು ಆ ಗುಂಡಿಯನ್ನು ಬಹಳ ಮೆದುವಾಗಿ ಮಾಡಿದ್ದರು.

ಮೊದಲು ನಾನು ಸೇರಿದ್ದು ಧಾರವಾಡದ ಬಳಿಯ ಒಂದು ಜೋಳದ ಹೊಲಕ್ಕೆ. ಗಾಳಿಗೆ ಯಾವ ತಳಿಯ ದಂಟು ಹೆಚ್ಚು ಬಾಗುತ್ತದೆ ಎಂಬುದು ಡಾ. ಇಂದುಮತಿಯವರ ಸಂಶೋಧನೆ. ಪ್ರತಿ ದಂಟಿಗೂ ನನ್ನನ್ನು ಕಟ್ಟಿ, ಗುಂಡಿ ಒತ್ತಿ, ಗಾಳಿಗಾಗಿ ಕಾಯುತ್ತಿದ್ದರು. ದಂಟು ಬದಲಾದಾಗ ಮತ್ತೆ ಸೊನ್ನೆ. ಅಲ್ಲಿ ಅದು ಸರಿಯಾಗಿತ್ತು. ಒಂದು ದಂಟಿನ ಬಾಗು ಇನ್ನೊಂದರದ್ದಲ್ಲ.

ಆಮೇಲೆ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಬಂದೆ. ಕಾಂಕ್ರೀಟಿನ ಮಾದರಿ ಕಂಬಗಳ ಮೇಲೆ ಭಾರ ಹೇರಿ, ಅವು ಮುರಿಯುವವರೆಗೆ ನೋಡುತ್ತಿದ್ದರು. ಪ್ರೊಫೆಸರ್ ಹಂಚಿನಾಳರು ಹೊಸಬರಿಗೆಲ್ಲ ಹೇಳುತ್ತಿದ್ದರು: "ಮೊದಲು ಸೊನ್ನೆ ಮಾಡ್ರಪಾ, ಆಮೇಲೆ ಮಾತು." ಅಲ್ಲಿಯೂ ಅದು ಸರಿಯೇ. ಪ್ರತಿ ಸಲ ಹೊಸ ಕಂಬ.

ಆ ಮಾತನ್ನು ಶ್ರದ್ಧೆಯಿಂದ ಕಲಿತವನು ಕೀರ್ತಿರಾಜ. ವ್ಯವಹಾರ ಆಡಳಿತದ ಸಂಶೋಧಕ, ನನ್ನನ್ನು ಬಳಸುವುದನ್ನು ಕಲಿಯಲು ಅಲ್ಲಿಗೆ ಬಂದಿದ್ದ. ಹಾವೇರಿ ಕಡೆಯ ಒಂದು ಶೀತಲಗೃಹದಲ್ಲಿ ಒಣಮೆಣಸಿನಕಾಯಿ ಚೀಲಗಳನ್ನು ಐದು ಅಂತಸ್ತಿನ ಕಬ್ಬಿಣದ ಅಟ್ಟಗಳ ಮೇಲೆ ಇಡುತ್ತಿದ್ದರು. ಆರನೆಯದನ್ನೂ ಕೂಡಿಸಬಹುದೇ ಎಂಬುದು ಅವನ ಪ್ರಶ್ನೆ. ಒಂದು ಅಟ್ಟಕ್ಕೆ ಆರನೆಯ ಅಂತಸ್ತು ಬೆಸೆದು, ನನ್ನನ್ನು ಎರವಲು ತಂದು ಅದರ ಕಂಬಕ್ಕೆ ಬಿಗಿದ.

ಆ ಅಟ್ಟದ ಬುಡದಲ್ಲೇ ಕಾಶವ್ವ ಕೂರುತ್ತಿದ್ದಳು. ಹಳೆಯ ಸ್ವೆಟರ್ ತೊಟ್ಟು, ದಬ್ಬಳ ಹಿಡಿದು, ಹರಿದ ಗೋಣಿಚೀಲ ಹೊಲಿಯುವುದು ಅವಳ ಕೆಲಸ. ಕೀರ್ತಿರಾಜ ದಿನಾ ಬೆಳಿಗ್ಗೆ ಚೀಲ ಏರಿಸುವ ಮುನ್ನ ಬಂದು ನನ್ನ ಗುಂಡಿ ಒತ್ತುತ್ತಿದ್ದ.

"ದೇವರಿಗೆ ಕೈ ಮುಗಿದಂಗ ದಿನಾ ಅದನ್ನ ಒತ್ತತೀರಲ್ರೀ ಸರ, ಏನ್ ಬೇಡ್ಕೋತೀರಿ?" ಎಂದಳು ಒಮ್ಮೆ.

"ಹೊಸ ದಿನ, ಹೊಸ ಲೆಕ್ಕ, ಅಕ್ಕಾ."

"ಹಂಗಾದ್ರ ನನ್ನ ಮೊಣಕಾಲಿಗೂ ಒಂದು ಗುಂಡಿ ಹಚ್ರಿ. ನಿನ್ನೀ ನೋವು ನಿನ್ನೀಗೇ ಹೋಗ್ಲಿ."

ಇಬ್ಬರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಏಕೆಂದರೆ ಇಲ್ಲಿ ಕಂಬ ಬದಲಾಗುತ್ತಿರಲಿಲ್ಲ. ನಿನ್ನೆಯ ಕಂಬವೇ ಇಂದಿನದು. ಚೀಲ ಏರಿದಂತೆಲ್ಲ ಅದು ಕೂದಲೆಳೆಯಷ್ಟು ವಾಲುತ್ತಿತ್ತು. ಸಂಜೆ ನಾನು ಅಷ್ಟನ್ನೇ ತೋರಿಸುತ್ತಿದ್ದೆ. ಅಪಾಯದ ಮಿತಿಗೆ ಅದು ಬಹಳ ದೂರ. ಮರುದಿನ ಬೆಳಿಗ್ಗೆ ಸೊನ್ನೆ. ವಾಲಿದ ಕಂಬ ವಾಲಿದಲ್ಲೇ ಇರುತ್ತಿತ್ತು, ನನ್ನ ಪರದೆ ಮಾತ್ರ ನೆಟ್ಟಗಾಗುತ್ತಿತ್ತು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಬುಡದ ಬೋಲ್ಟೊಂದು ಕಿರುಗುಟ್ಟತೊಡಗಿತು. ತಂಪು ಗಾಳಿ ಊದುವ ಫ್ಯಾನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕೀರ್ತಿರಾಜ ಮೋಸಗಾರನಲ್ಲ. ಕಂಡದ್ದನ್ನೇ ಬರೆದ: ಯಾವ ದಿನವೂ ವಾಲುವಿಕೆ ಮಿತಿ ಮೀರಿಲ್ಲ, ಆರನೆಯ ಅಂತಸ್ತು ಸುರಕ್ಷಿತ. ಮಾಲೀಕರು ಅವನಿಗೆ ಶಾಲು ಹೊದಿಸಿದರು.

ಅದರ ಮರುದಿನವೂ ಬೆಳಿಗ್ಗೆ ಬಂದು ಗುಂಡಿ ಒತ್ತಿದ, ರೂಢಿಯಂತೆ. ಕಾಶವ್ವ ಆಗಲೇ ತನ್ನ ಜಾಗದಲ್ಲಿದ್ದಳು. "ಶಾಲು ಹೊತ್ಕೊಂಡು ಬರ್ಬೇಕಿತ್ರಿ ಸರ, ಇಲ್ಲಿ ಥಂಡಿ ಭಾಳ," ಎಂದು ಚುಡಾಯಿಸಿದಳು. ಅವನು ನಗುತ್ತ ಬಾಗಿಲು ದಾಟಿದ. ಹಮಾಲರು ಮೇಲಿನ ಅಂತಸ್ತಿಗೆ ಚೀಲ ಏರಿಸತೊಡಗಿದರು. ಬೋಲ್ಟು ಕಿತ್ತುಬಂತು, ಅಟ್ಟ ಉರುಳಿತು. ನಾನು ಅಳೆಯಬಲ್ಲ ಕೊನೆಯ ಅಂಕಿಯನ್ನೂ ದಾಟಿ ಕೆಳಗೆ ಬಿದ್ದೆ. ಮೇಲಿದ್ದವರು ಜಿಗಿದು ಉಳಿದರು. ಚೀಲಗಳನ್ನೆಲ್ಲ ಸರಿಸುವ ಹೊತ್ತಿಗೆ ಕಾಶವ್ವ ಬದುಕಿರಲಿಲ್ಲ. ದಬ್ಬಳ ಕೈಯಲ್ಲೇ ಇತ್ತು.

ವಿಚಾರಣೆ ನಡೆಯಿತು. ನನ್ನನ್ನು ಪರೀಕ್ಷಿಸಿದರು. "ಯಂತ್ರದಲ್ಲಿ ದೋಷವಿಲ್ಲ," ಎಂದರು ಅಧಿಕಾರಿ. ಅದು ನಿಜ. ಎದುರಿಗೆ ಕೂತಿದ್ದ ಕೀರ್ತಿರಾಜ, "ನಾನು ದಿನಾ ಸೊನ್ನೆ ಮಾಡ್ತಿದ್ದೆ ಸರ್," ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು.

ಈಗ ನಾನು ಸರ್ಕಾರಿ ಕಚೇರಿಯ ಬೀರುವಿನಲ್ಲಿದ್ದೇನೆ. ಒಂದು ಕಾಲು ಮುರಿದ ಬೀರು. ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಮೊನ್ನೆ ಯಾರೋ ಬಾಗಿಲು ತೆರೆದು ನನ್ನನ್ನು ಕಂಡರು. ಇದೇನೆಂದು ನೋಡುವ ಮೊದಲೇ ಅವರ ಬೆರಳು ಗುಂಡಿಗೆ ಹೋಯಿತು.

ಬೀರು ಇನ್ನೂ ವಾಲಿಯೇ ಇದೆ. ನನ್ನ ಪರದೆ ಸೊನ್ನೆ ತೋರಿಸುತ್ತಿದೆ.