ಡೀಸೆಲ್ ಡ್ರಮ್ಮಿನ ಬೀಗದ ಕೈ

ಕುಂಬಾರಕೊಪ್ಪಲಿನ ಚಾಮಯ್ಯ ತನ್ನ ಹಿತ್ತಲಿನ ಡೀಸೆಲ್ ಡ್ರಮ್ಮನ್ನು ನಂಬಿದಷ್ಟು ಹೆಂಡತಿ ಶಿವನಂಜಮ್ಮನನ್ನೂ ನಂಬಿದವನಲ್ಲ. ಮದುವೆ, ನಾಮಕರಣ, ಬೀಗರೂಟಗಳಿಗೆ ಜನರೇಟರ್ ಬಾಡಿಗೆಗೆ ಕೊಡುವುದು ಅವನ ಕಸುಬು. ಇನ್ನೂರು ಲೀಟರಿನ ಆ ಡ್ರಮ್ಮು ತಗಡಿನ ಸೂರಿನಡಿ ಹನ್ನೊಂದು ವರ್ಷದಿಂದ ಕೂತಿತ್ತು. ಒಮ್ಮೆಯೂ ಅದನ್ನು ಪೂರ್ತಿ ಬರಿದು ಮಾಡಿ ತೊಳೆದದ್ದಿಲ್ಲ. ಶಿವನಂಜಮ್ಮ ಕೇಳಿದಾಗಲೆಲ್ಲ, "ಅಕ್ಷಯ ಪಾತ್ರೆನ ಯಾರಾದ್ರೂ ಬೋರಲು ಹಾಕ್ತಾರೇನಮ್ಮಿ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಅಕ್ಷಯ ಪಾತ್ರೆ ಕೈಕೊಟ್ಟದ್ದು ಇಲವಾಲದ ಒಂದು ನಾಮಕರಣದಲ್ಲಿ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೂ ಜನರೇಟರ್ ಮೂರು ಸಲ ಕೆಮ್ಮಿ ಮಲಗುವುದಕ್ಕೂ ಸರಿಹೋಯಿತು. ದೀಪ ಹೋಯಿತು, ಫ್ಯಾನು ನಿಂತಿತು, ಮಗು ಚಿಟ್ಟನೆ ಚೀರಿತು. ಕಡಕೊಳದಿಂದ ಬಂದ ಮೆಕ್ಯಾನಿಕ್ ವಾಗೀಶ ಫಿಲ್ಟರ್ ಬಿಚ್ಚಿ ನೋಡಿ, "ಯಜಮಾನ್ರೇ, ಇದಕ್ಕೆ ಡೀಸೆಲ್‌ಗಿಂತ ನೀರೇ ಜಾಸ್ತಿ ಕುಡ್ಸಿದ್ದೀರಿ," ಎಂದ. ಆಮೇಲೆ ಚಾಮಯ್ಯನ ಮನೆಗೂ ಬಂದು, ನೀರು ತಗುಲಿದರೆ ಕೆಂಪಾಗುವ ಪೇಸ್ಟನ್ನು ಒಂದು ಕಂಬಿಗೆ ಬಳಿದು ಡ್ರಮ್ಮಿನೊಳಗೆ ಇಳಿಸಿ ಎತ್ತಿದ. ತಳದಿಂದ ನಾಲ್ಕು ಬೆರಳು ಕೆಂಪು.

"ಮಳೆ ನೀರು ಬೀಳಾಕಿಲ್ಲ, ಮೇಲೆ ತಗಡದೆ," ಚಾಮಯ್ಯ ಮೀಸೆ ಕಡಿಯುತ್ತ ಹೇಳಿದ. "ಯಾರೋ ಡೀಸೆಲ್ ಕದ್ದು ನೀರು ತುಂಬವ್ರೆ. ಆ ಯಾರೋ ಯಾರು ಅಂತ ನಂಗೊತ್ತು."

ಅವನ ಕಣ್ಣು ಹೋದದ್ದು ಕಾಂಪೌಂಡ್ ಗೋಡೆಯ ಸಂದಿಯ ಕಡೆಗೆ. ಆಚೆ ಮನೆಯವನು ವೆಲ್ಡಿಂಗ್ ಕೆಲಸದ ಮಂಟಯ್ಯ, ಮೂವತ್ತು ವರ್ಷದ ಗೆಳೆಯ. ಅವನ ವೆಲ್ಡಿಂಗ್ ಮಿಷಿನ್ನೂ ಡೀಸೆಲ್‌ನಲ್ಲೇ ಓಡುತ್ತದೆ ಎನ್ನುವುದೊಂದೇ ಸಾಕ್ಷಿ. ಅಷ್ಟಕ್ಕೇ ಚಾಮಯ್ಯ ಟೀ ಅಂಗಡಿಯಲ್ಲಿ ನಿಂತು ಗೆಳೆಯನನ್ನು ಕಳ್ಳ ಎಂದ. ಸಂಜೆಗೆ ಒಂದು ಲೋಡು ಇಟ್ಟಿಗೆ ತಂದು ಇಳಿಸಿದ. ಭಾನುವಾರ ಗಾರೆಯವನು ಬಂದು ಸಂದಿ ಮುಚ್ಚುವುದೆಂದಾಯಿತು.

ಇಟ್ಟಿಗೆ ನೋಡಿದ ಶಿವನಂಜಮ್ಮ ಸಂದಿಯ ಹತ್ತಿರ ಹೋಗಿ ನಿಂತಳು. ಅವಳು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದಾಗ ಮಂಟಯ್ಯನ ಹೆಂಡತಿ ಬಸವಮ್ಮ ದಿನಾ ಅದೇ ಸಂದಿಯಲ್ಲಿ ನುಸುಳಿ ಬಂದು ತಲೆ ಬಾಚಿ, ಸೊಪ್ಪಿನ ಸಾರು ಬಡಿಸಿ ಹೋಗಿದ್ದಳು. ಆ ಸಂದಿ ಮುಚ್ಚಿದರೆ ಶಿವನಂಜಮ್ಮನಿಗೆ ಮೂಗಿನ ಒಂದು ಹೊಳ್ಳೆ ಮುಚ್ಚಿದ ಹಾಗೆ.

ನೀರು ಹಾಕಿದವರು ಯಾರೆಂದು ಅವಳಿಗೆ ಗೊತ್ತಿತ್ತು. ಸಾಕ್ಷಾತ್ ಗಂಡನೇ. ಪ್ರತಿ ಆಯುಧ ಪೂಜೆಗೂ ಅವನು ಡ್ರಮ್ಮಿಗೆ ವಿಭೂತಿ ಬಳಿದು, ಮುಚ್ಚಳ ತೆಗೆದಿಟ್ಟು, "ಬಾಗ್ಲು ಮುಚ್ಚಿದ್ರೆ ಲಕ್ಷ್ಮಿ ಎಲ್ಲಿಂದ ಬರ್ಬೇಕು?" ಎಂದು ಅದರ ಅಂಚಿಗೇ ತೆಂಗಿನಕಾಯಿ ಒಡೆಯುತ್ತಿದ್ದ. ಕಾಯಿ ನೀರು ಒಳಗೆ. ಕಳಶದ ನೀರನ್ನು ಜನರೇಟರಿಗೆ ಪ್ರೋಕ್ಷಣೆ ಮಾಡಿ, ಮಿಕ್ಕಿದ್ದನ್ನು ಕಾಲಿಗೆ ಸಿಗುವ ಕಡೆ ಚೆಲ್ಲಬಾರದೆಂದು ಅದನ್ನೂ ಒಳಗೆ. ಕೈಪಂಪಿನ ಕೊಳವೆ ತಳಕ್ಕೆ ಮುಟ್ಟುತ್ತಿರಲಿಲ್ಲವಾದ್ದರಿಂದ ನೀರು ವರ್ಷವರ್ಷವೂ ಸದ್ದಿಲ್ಲದೆ ಏರಿ, ಈಗ ಕೊಳವೆಯ ಬಾಯಿಗೆ ಬಂದಿತ್ತು.

ಅವಳು ಬಾಯಿ ಬಿಟ್ಟು ಹೇಳಿಯೂ ಹೇಳಿದಳು. ಚಾಮಯ್ಯ ಕೆರಳಿದ. "ತೀರ್ಥ ಎಲ್ಲಾದ್ರೂ ಇಂಜಿನ್ ಕೆಡಿಸ್ತದಾ? ಅದು ದೇವ್ರ ನೀರು, ಅಲ್ಲೇ ಕರಗೋಯ್ತದೆ. ನಿಂಗೇನ್ ಗೊತ್ತು ಮಿಷಿನ್ ವಿಚಾರ!"

ನೆಟ್ಟಗೆ ಹೇಳಿದರೆ ಕೇಳದವನಿಗೆ ಸೊಟ್ಟಗೇ ಹೇಳಬೇಕು. ಮಾರನೇ ದಿನ ರಾಗಿಮುದ್ದೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿ ಶುರು ಮಾಡಿದಳು. "ನೀವು ಹೇಳಿದ್ದೇ ಸರಿ ಕಣ್ರೀ. ಕಳ್ಳನ್ನ ಹಿಡಿಯೋದಾದ್ರೆ ಬೀದಿ ಜನದ ಮುಂದೆ ಹಿಡೀರಿ. ಹೆಂಗೂ ಹೊಸ ಟ್ಯಾಂಕು ಬೇಕಲ್ಲ, ಅವ್ನ ಕೈಲೇ ಮಾಡ್ಸಿ. ಅವ್ನ ಕಣ್ಣೆದುರ್ಗೇ ಹಳೇ ಡ್ರಮ್ಮು ಬೋರಲು ಹಾಕಿ. ನೀರು ನೋಡಿ ಮುಖ ಎಲ್ಲಿ ಇಟ್ಕೋತಾನೆ?"

"ಕಳ್ಳನ ಕೈಗೇ ಬೀಗದ ಕೈ ಕೊಡು ಅಂತೀಯಲ್ಲ!" ಎಂದನೇನೋ ಚಾಮಯ್ಯ, ಆದರೆ ಬೀದಿ ಜನದ ಮುಂದೆ ಎನ್ನುವ ಮಾತು ತುಪ್ಪಕ್ಕಿಂತ ಸಲೀಸಾಗಿ ಇಳಿದಿತ್ತು.

ಮಂಟಯ್ಯ ಗೋಡೆಯಾಚೆಯಿಂದಲೇ ಒಪ್ಪಿದ. "ಮಾಡ್ಕೊಡ್ತೀನಿ. ನೀರು ನಂದಲ್ಲ ಅಂತಾದ್ರೆ ಮಾತ್ರ ನಾನು ಕೇಳಿದ್ದು ಕೊಡ್ಬೇಕು."

"ಸಿದ್ದಪ್ಪಾಜಿ ಆಣೆಗೂ ಕೊಡ್ತೀನಿ ಕಣ್ಲಾ!"

ಮಂಟಯ್ಯ ಸಿಟ್ಟನ್ನೆಲ್ಲ ಕಬ್ಬಿಣಕ್ಕೆ ಹಾಕಿ ಟ್ಯಾಂಕು ಮಾಡಿದ. ತಳ ಒಂದು ಕಡೆಗೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ನೀರು ಬಸಿಯಲು ನಲ್ಲಿ, ಡೀಸೆಲ್ ತೆಗೆಯುವ ಕೊಳವೆ ತಳದಿಂದ ನಾಲ್ಕು ಬೆರಳು ಮೇಲೆ. ಗಾಳಿಯಾಡುವ ಪೈಪಿನ ಬಾಯನ್ನೂ ನೀರು ಇಳಿಯದ ಹಾಗೆ ಕೆಳಕ್ಕೆ ಬಗ್ಗಿಸಿದ್ದ. ಮುಚ್ಚಳಕ್ಕೊಂದು ಭದ್ರವಾದ ಬೀಗ.

ಭಾನುವಾರ ಅರ್ಧ ಬೀದಿಯೇ ಹಿತ್ತಲಿಗೆ ಬಂತು. ಶಿವನಂಜಮ್ಮ ಮುಂಜಾನೆಯೇ ನಲ್ಲಿ ನೀರಿನ ಸಾಲಿನಲ್ಲಿ ನಿಂತು ಎಲ್ಲರನ್ನೂ ಕರೆದಿದ್ದಳಲ್ಲ. ಗಾರೆಯವನು ಇಟ್ಟಿಗೆ ಪಕ್ಕದಲ್ಲಿ ಬೀಡಿ ಸೇದಲು ಹೋಗಿ ವಾಗೀಶನ ಕೈಲಿ ಬೈಸಿಕೊಂಡ. ಮೇಲಿನ ಒಳ್ಳೆಯ ಡೀಸೆಲನ್ನು ಕ್ಯಾನುಗಳಿಗೆ ತುಂಬಿಸಿಟ್ಟು, ವಾಗೀಶ ಒಂದು ಅಗಲ ತೊಟ್ಟಿಯ ಮೇಲೆ ಜರಡಿ ಹಿಡಿದು ಡ್ರಮ್ಮು ಬಗ್ಗಿಸಿದ.

ಮೊದಲು ಕಪ್ಪು ರಾಡಿ ಬಂತು, ಆಮೇಲೆ ನೀರು. "ನೋಡ್ರಪ್ಪಾ! ನೋಡ್ಕಳಿ!" ಚಾಮಯ್ಯ ಕುಣಿದಾಡಿದ. ಆಮೇಲೆ ಜರಡಿಯಲ್ಲಿ ಒಂದೊಂದೇ ನಿಂತವು. ಕೊಳೆತ ಚೆಂಡುಹೂವಿನ ಎಸಳು. ಅಕ್ಷತೆ ಕಾಳು. ತೆಂಗಿನ ಚಿಪ್ಪಿನ ಚೂರು. ಕೊನೆಗೆ ಕರ್ರಗೆ, ಬೆರಳುದ್ದದ ಏನೋ ತುಂಡುಗಳು.

ಬಸವಮ್ಮ ಒಂದನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. "ಅಯ್ಯೋ ಅಕ್ಕಾ, ಕಳಶದ ಅರಿಸಿನ ಕೊಂಬು!"

"ಎಣ್ಸು," ಎಂದಳು ಶಿವನಂಜಮ್ಮ, ಏನೂ ಅರಿಯದವಳ ಹಾಗೆ.

ಹನ್ನೊಂದಿದ್ದವು. ವರ್ಷಕ್ಕೊಂದು.

ಮಂಟಯ್ಯ ನಿಧಾನಕ್ಕೆ ಕೇಳಿದ. "ಚಾಮಣ್ಣ, ನಾನು ಕದಿಯಾಕೆ ಬಂದಾಗೆಲ್ಲ ಪೂಜೆನೂ ಮಾಡ್ಕಂಡು ಓಯ್ತಿದ್ನಾ?"

ನಗು ಎದ್ದಿತು ನೋಡಿ, ಗಾರೆಯವನು ಇಟ್ಟಿಗೆಯ ಮೇಲೇ ಕುಸಿದು ಕೂತ. ಚಾಮಯ್ಯ ಒಬ್ಬನೇ ನಗಲಿಲ್ಲ. ಅರಿಸಿನ ಕೊಂಬುಗಳನ್ನೇ ನೋಡುತ್ತಿದ್ದ ಅವನ ಕಿವಿ ಕೆಂಪಾಗಿತ್ತು. "ತಪ್ಪಾಯ್ತು ಕಣ್ಲಾ ಮಂಟಯ್ಯ," ಎಂದ, ಎಲ್ಲರಿಗೂ ಕೇಳುವ ಹಾಗೆ. ಶಿವನಂಜಮ್ಮನಿಗೆ ಒಂದು ಗಳಿಗೆ ಅಯ್ಯೋ ಪಾಪ ಅನ್ನಿಸಿತು. ಒಂದೇ ಗಳಿಗೆ.

"ಟ್ಯಾಂಕು ನೆಲದಿಂದ ಎತ್ತರಕ್ಕೆ ಕೂರ್ಬೇಕಲ್ವೇನಪ್ಪಾ ವಾಗೀಶ?" ಎಂದಳು. "ಇಟ್ಟಿಗೆ ಇಲ್ಲೇ ಅವೆ. ಗಾರೆಯವ್ನೂ ಇಲ್ಲೇ ಅವ್ನೆ."

ಗೋಡೆಗೆಂದು ತಂದ ಇಟ್ಟಿಗೆಯೆಲ್ಲ ಟ್ಯಾಂಕಿನ ಕಟ್ಟೆಯಾಯಿತು. ಟ್ಯಾಂಕು ಕೂತ ಮೇಲೆ ಮಂಟಯ್ಯ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಸಿಕ್ಕಿಸಿಕೊಂಡ. "ನಾನು ಕೇಳೋದು ಇದೇ. ಕೈ ನಮ್ಮನೇಲಿರ್ತದೆ. ಡೀಸೆಲ್ ತುಂಬ್ಸೋವಾಗ ಬಂದು ಈಸ್ಕೋ. ಆಯುಧ ಪೂಜೆ ದಿನ ಮಾತ್ರ ಕೊಡಾಕಿಲ್ಲ."

ಆಯುಧ ಪೂಜೆ ಬಂತು. ಚಾಮಯ್ಯ ಟ್ಯಾಂಕಿಗೆ ವಿಭೂತಿ ಬಳಿದು, ಕಾಯಿಯನ್ನು ಕಟ್ಟೆಗೆ ಒಡೆದು, ಕಳಶ ಹಿಡಿದು ಬೀಗವನ್ನೇ ನೋಡುತ್ತ ನಿಂತ. ಕೊನೆಗೆ ತಡೆಯಲಾರದೆ ಸಂದಿಗೆ ಬಾಯಿಟ್ಟು ಕೂಗಿದ. "ಲೋ ಮಂಟಯ್ಯಾ, ಒಂದೇ ಒಂದು ನಿಮಿಷ ಕೊಡ್ಲಾ. ಲಕ್ಷ್ಮಿ ಒಳಕ್ಕೆ ಬರೋದ್ ಬ್ಯಾಡ್ವಾ?"

"ಈ ಸಂದೀಲೇ ಬರ್ತಾಳೆ ಬುಡು ಚಾಮಣ್ಣ!" ಆಚೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಬಸವಮ್ಮ ಕಡಲೆಪುರಿ ತಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದು ಅಡ್ಡಡ್ಡಲಾಗಿ ನುಸುಳಿಕೊಂಡು ಬಂದಳು. ಚಾಮಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಶಿವನಂಜಮ್ಮ ಅವನ ಕೈಯಿಂದ ಕಳಶ ಇಸಿದುಕೊಂಡು, ನೀರನ್ನು ತುಳಸಿ ಗಿಡಕ್ಕೆ ಹುಯ್ದಳು.