ಎಂಟುನೂರು ಮೀಟರು, ಆಮೇಲೆ ಕಂಬ

ಹೆಮ್ಮರಗಾಲದ ರಾಜೇಂದ್ರನಿಗೆ ಹೊಟ್ಟೆ ಬಂದದ್ದು ಒಂದು ದಿನದಲ್ಲಲ್ಲ. ಹನ್ನೊಂದು ವರ್ಷದಿಂದ ಅವನು ನಂಜನಗೂಡು ಸೀಮೆಯ ಏಳೆಂಟು ಊರುಗಳಿಗೆ ಗುತ್ತಿಗೆಯ ಲೈನ್‌ಮನ್. ಗಾಳಿಗೆ ತಂತಿ ಹರಿದರೆ, ಗದ್ದೆಯ ಮೋಟಾರು ನಿಂತರೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದರೆ ಅವನಿಗೇ ಫೋನು. ಅವನು ಕಂಬದಿಂದ ಇಳಿದು, ಕರೆಂಟು ಬಂತು ಅನ್ನುವ ಕೂಗು ಬೀದಿಯಲ್ಲಿ ಎದ್ದದ್ದೇ ತಡ, ಯಾವುದಾದರೊಂದು ಮನೆಯ ಬಾಗಿಲಲ್ಲಿ ಚೊಂಬು ನೀರು ಬರುತ್ತಿತ್ತು. ನೀರಿನ ಹಿಂದೆಯೇ ತಟ್ಟೆ. ಬಿಸಿ ಹಿಟ್ಟಿನ ಮುದ್ದೆ, ಸೊಪ್ಪಿನ ಸಾರು, ಮೇಲೊಂದು ಲೋಟ ಪಾಯಸ. ಕರೆಂಟು ಕೊಟ್ಟವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಅನ್ನುವುದು ಆ ಊರುಗಳಲ್ಲಿ ಯಾರೂ ಬರೆದಿಡದ ಕಾನೂನು. ಮೂರು ಊರಲ್ಲಿ ಕೆಲಸವಿದ್ದ ದಿನ ಮೂರು ಊಟ. ಬೇಡವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಉಂಡರೆ ಇವನ ಅಂಗಿ ಸಣ್ಣದಾಗುತ್ತಿತ್ತು.

ಅದರಿಂದ ಅವನಿಗೇನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಖಾಯಂ ಹುದ್ದೆಗೆ ಅರ್ಜಿ ಕರೆದಾಗ. ಅಂಕ ನೋಡಿ ಆರಿಸಿದವರ ಪಟ್ಟಿಯಲ್ಲಿ ಅವನ ಹೆಸರು ಬಂತು. ಇನ್ನು ಉಳಿದದ್ದು ಮೈಯ ಪರೀಕ್ಷೆ: ಎಂಟುನೂರು ಮೀಟರು ಓಟ ನಾಲ್ಕು ನಿಮಿಷದೊಳಗೆ, ಆಮೇಲೆ ಗುಂಡು ಎಸೆತ, ಕೊನೆಗೆ ಎಂಟು ಮೀಟರಿನ ಕಂಬ. ಮೂರೂ ಒಂದೇ ಬೆಳಿಗ್ಗೆ, ಒಂದರ ಹಿಂದೊಂದು. ನಲವತ್ತು ತುಂಬಿದವರಿಗೆ ಅರ್ಜಿಯಿಲ್ಲ, ರಾಜೇಂದ್ರನಿಗೆ ಆಗಲೇ ಮೂವತ್ತೊಂಬತ್ತು ತುಂಬಿತ್ತು. ಈ ಸಲ ತಪ್ಪಿದರೆ ಮುಂದಿನ ಸಲ ಅನ್ನುವುದಿಲ್ಲ. ಕಂಬ ಹತ್ತುತ್ತ ಗುತ್ತಿಗೆಯವನಾಗಿಯೇ ಮುದುಕನಾಗಬೇಕು.

ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಜೊತೆಗೆ ಕೆಲಸ ಮಾಡುವ ಮಾದೇಶ ಸ್ಕೂಲಿನ ಮೈದಾನದಲ್ಲಿ ಫೋನಿನ ಗಡಿಯಾರ ಹಿಡಿದು ನಿಂತ. ರಾಜೇಂದ್ರ ಓಡಿದ. ಎರಡನೇ ಸುತ್ತು ಮುಗಿಸಿ ಬಂದವನು ಗೋಡೆ ಹಿಡಿದುಕೊಂಡು ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದ.

"ಐದು ನಿಮಿಸ ಹನ್ನೆರಡು ಸೆಕೆಂಡು ಕಣ್ಲಾ," ಅಂದ ಮಾದೇಶ. "ನಮ್ಮ ಎಮ್ಮೆ ಇದ್ಕಿಂತ ಬಿರ್ನೆ ಮನೆಗ್ ಬತ್ತದೆ."

"ಕಂಬದ್ ತಾವ ನೋಡ್ಕೋತೀನಿ ಬುಡ್ಲಾ."

"ಕಂಬಕ್ಕೆ ನಿನ್ ಬುಡೋದೇ ಓಟ ಆದ್ಮ್ಯಾಕೆ."

ನಂಜನಗೂಡಿನ ಔಷಧಿ ಅಂಗಡಿಯ ತಕ್ಕಡಿ ಎಪ್ಪತ್ತೆಂಟು ಕೆಜಿ ತೋರಿಸಿತು. ಅಲ್ಲಿ ಕೂತಿದ್ದ ಡಾಕ್ಟರು ಅವನ ಎತ್ತರ ನೋಡಿ, "ಕಾಯಿಲೆ ಏನಿಲ್ಲ, ಏಳೆಂಟು ಕೆಜಿ ಜಾಸ್ತಿ ಅಷ್ಟೆ" ಅಂದರು. ರಾಜೇಂದ್ರ ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡ. ಕಂಬದ ಚಿಂತೆಯಿಲ್ಲ, ಹನ್ನೊಂದು ವರ್ಷದ ಅಭ್ಯಾಸ. ಗುಂಡು ಎಸೆಯುವುದಕ್ಕೂ ಅದೇ ತೋಳು. ಕರಗಬೇಕಾದದ್ದು ಹೊಟ್ಟೆ, ಬೇಕಾದದ್ದು ಉಸಿರು. ಆದ್ದರಿಂದ ಓಡುವುದು, ಉಣ್ಣದಿರುವುದು.

ಮಾರನೆಯ ದಿನದಿಂದ ಬೆಳಕು ಹರಿಯುವ ಹೊತ್ತಿಗೆ ಅವನು ನಾಲೆಯ ಏರಿಯ ಮೇಲಿರುತ್ತಿದ್ದ. ವಾರಕ್ಕೆ ಏಳು ದಿನವೂ ಓಟ. ರಾತ್ರಿಯ ಹಿಟ್ಟು ಬಿಟ್ಟ, ಮಧ್ಯಾಹ್ನದ್ದನ್ನು ಅರ್ಧಕ್ಕೆ ಇಳಿಸಿದ. ಹೆಂಡತಿ ಇಂದ್ರಾಣಿ ಮುದ್ದೆಗೆ ಇಡುವ ಎಸರನ್ನು ದಿನದಿನಕ್ಕೆ ಕಡಿಮೆ ಮಾಡುತ್ತ, "ಅದೇನ್ ಓಟವೋ ಕಾಣೆ, ಕೆನ್ನೆ ಒಳಕ್ಕೋಗವೆ," ಎನ್ನುತ್ತಿದ್ದಳು. ಊರುಗಳಲ್ಲೂ ಅವನು ತಟ್ಟೆ ಬೇಡವೆನ್ನತೊಡಗಿದ. ನೀರು ಕುಡಿದು ಬೈಕು ಹತ್ತಿಬಿಡುತ್ತಿದ್ದ. ಏನೆಂದು ಯಾರಿಗೂ ಹೇಳಲಿಲ್ಲ. ನಪಾಸಾದರೆ ಎಂಟು ಊರಿನವರೂ ವಿಚಾರಿಸುವುದು ಬೇಡವೆಂದು.

ಆರು ವಾರಕ್ಕೆ ತೂಕ ಎಪ್ಪತ್ತೊಂದಕ್ಕೆ ಬಂತು. ಓಟ ನಾಲ್ಕು ನಿಮಿಷ ಎಂಟು ಸೆಕೆಂಡಿಗೆ ಇಳಿಯಿತು. ಅವನು ಮಾದೇಶನ ಮುಂದೆ ಪ್ಯಾಂಟನ್ನು ಸೊಂಟದಿಂದ ಎಳೆದು ತೋರಿಸಿದ. ಒಂದು ಹಿಡಿ ಒಳಗೆ ಹೋಗುತ್ತಿತ್ತು.

ಅದೇ ವಾರ ತೋಟದ ಸಾಲಿನಲ್ಲಿ ತಂತಿ ಬಿಗಿಯುವ ಕೆಲಸ ಬಂತು. ಲೈನು ಆಫ್ ಮಾಡಿಸಿ, ಪರೀಕ್ಷಿಸಿ, ರಾಜೇಂದ್ರ ಎಂದಿನಂತೆ ಕಂಬ ಹಿಡಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂಗೈ ಉರಿಯಿತು. ಇನ್ನೆರಡು ಹಿಡಿತ. ಬೆರಳು ತಾನೇ ಬಿಚ್ಚಿಕೊಳ್ಳಲು ನೋಡಿತು. ಅವನು ಕಂಬವನ್ನು ಎರಡೂ ತೋಳಿನಿಂದ ತಬ್ಬಿಕೊಂಡು, ಕೆನ್ನೆಯನ್ನು ಸಿಮೆಂಟಿಗೆ ಒತ್ತಿ, ಹಾಗೇ ನಿಂತ. ತೊಡೆ ನಡುಗುವುದು ಕೆಳಗೆ ನಿಂತವರಿಗೂ ಕಾಣುತ್ತಿತ್ತು.

"ಲೇ, ಯಾಕ್ಲಾ?" ಎಂದು ಮಾದೇಶ ಕೂಗಿದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಇಳಿ. ಮೆತ್ತಗೆ ಇಳಿ. ನಾ ಅತ್ತೀನಿ."

ರಾಜೇಂದ್ರ ಇಳಿದ. ಅಂಗೈ ತರಚಿತ್ತು. ಹನ್ನೊಂದು ವರ್ಷದಲ್ಲಿ ಅವನ ಕಂಬವನ್ನು ಇನ್ನೊಬ್ಬ ಹತ್ತಿದ್ದು ಅದೇ ಮೊದಲು. ಅವನು ಬದುವಿನ ಮೇಲೆ ಕೂತು ಮೇಲೆ ನೋಡುತ್ತಿದ್ದ. ನೋಡುವುದಕ್ಕೆ ಅಷ್ಟು ಎತ್ತರವೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಇಂದ್ರಾಣಿಯ ತಂಗಿ ಸಂಘಮಿತ್ರಾ ತಿ. ನರಸೀಪುರದ ಹೈಸ್ಕೂಲಿನಲ್ಲಿ ಪಿಟಿ ಟೀಚರು. ಭಾನುವಾರ ಗಂಡನನ್ನು ಅಲ್ಲಿಗೆ ಬಸ್ಸು ಹತ್ತಿಸಿದವಳು ಇಂದ್ರಾಣಿಯೇ. ಸಂಘಮಿತ್ರಾ ಭಾವನನ್ನು ಕೂರಿಸಿ, ಕಥೆಯನ್ನೆಲ್ಲ ಕೇಳಿ, ಅವನ ಮೇಲ್ದೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಭಾವ, ಹೊಟ್ಟೆ ಕರಗಿಸೋಕೆ ಹೋಗಿ ತೋಳು ಕರಗಿಸ್ಕೊಂಡು ಬಂದಿದೀರಲ್ಲ!"

"ತೂಕ ಇಳ್ದದಲ್ಲವ್ವ. ಏಳು ಕೆಜಿ."

"ಏಳರಲ್ಲಿ ಕೊಬ್ಬೆಷ್ಟು, ಮಾಂಸ ಎಷ್ಟು ಅಂತ ತಕ್ಕಡಿ ಹೇಳ್ತಾ? ಉಣ್ಣದೆ ಬರೀ ಓಡಿದ್ರೆ, ಇದು ಬೇಡದ್ದು ಇದು ಬೇಕಾದ್ದು ಅಂತ ಮೈ ನೋಡಲ್ಲ. ಸಿಕ್ಕಿದ್ದನ್ನ ಕರಗಿಸ್ಕೊಳ್ಳುತ್ತೆ."

"ಅಂಗಾರೆ ಓಡೋದ್ ಬುಟ್ಬುಡ್ಲಾ?"

"ಬಿಟ್ರೆ ನಾಲ್ಕು ನಿಮಿಷ ಎಲ್ಲಿಂದ ಬರುತ್ತೆ? ಎರಡೂ ಬೇಕು ಭಾವ. ವಾರದಲ್ಲಿ ಮೂರು ದಿನ ಭಾರ ಎತ್ತೋದು, ಎರಡು ದಿನ ಓಡೋದು. ಆ ಎರಡರಲ್ಲಿ ಒಂದು ದಿನ ಮಾತಾಡ್ಕೊಂಡು ಹೋಗೋಷ್ಟು ನಿಧಾನ, ಇನ್ನೊಂದು ದಿನ ಜೋರಾಗಿ ಇನ್ನೂರು ಮೀಟರು ಓಡಿ, ನಡೆದು, ಮತ್ತೆ ಓಡಿ. ಆರನೇ ದಿನ ಬರೀ ನಡಿಗೆ. ಏಳನೇ ದಿನ ಸುಮ್ನಿರೋದು."

"ಸುಮ್ಕಿರೋದೂ ಒಂದು ಕೆಲ್ಸವಾ?"

"ನಿಮ್ಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ," ಎಂದು ನಕ್ಕಳು. "ಹಿಟ್ಟು ಬಿಡಬೇಡಿ. ಎರಡು ಹೊತ್ತೂ ಉಣ್ಣಿ. ಮೊಟ್ಟೆ, ಹುರುಳಿ, ಕಾಳುಸಾರು ಜಾಸ್ತಿ ಮಾಡಿ. ಪಾಯಸ, ಎಂಟು ಸಲದ ಸಕ್ಕರೆ ಕಾಫಿ, ಅವನ್ನ ಬಿಡಿ."

"ಭಾರ ಎತ್ತಕ್ಕೆ ಜಿಮ್ಮಿಗೆ ಸೇರ್ಬೇಕಲ್ಲ, ನಮ್ಮೂರಲ್ ಎಲ್ಲದೆ?"

"ನಿಮ್ಮೂರಲ್ಲಿ ಭಾರ ಇಲ್ವಾ ಭಾವ? ಮರಳು ತುಂಬಿದ ಚೀಲ, ಜೋತು ಬೀಳೋಕೆ ಒಂದು ಕೊಂಬೆ ಸಾಕು. ಬಸ್ಕಿ ಹೊಡೆಯೋಕೆ ಕಾಲು ನಿಮ್ದೇ ಇದೆ."

ಹೊಳೆ ಬದಿಯ ಮೈದಾನಕ್ಕೆ ಕರೆದೊಯ್ದು ಅವನಿಂದ ಎಲ್ಲವನ್ನೂ ಒಂದೊಂದು ಸಲ ಮಾಡಿಸಿಯೇ ಬಸ್ ಸ್ಟ್ಯಾಂಡಿಗೆ ಬಿಟ್ಟಳು. ಕೊಂಬೆಗೆ ಜೋತುಬಿದ್ದು ಗದ್ದವನ್ನು ಮೇಲಕ್ಕೆ ತರಲು ಅವನಿಗೆ ಎರಡು ಸಲ ಮಾತ್ರ ಆಯಿತು. ಬರೆದುಕೊಟ್ಟ ಚೀಟಿಯನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ. ಆರು ವಾರ ಹಾಳಾಗಿತ್ತು, ಹತ್ತು ವಾರ ಉಳಿದಿತ್ತು.

ಮಂಗಳವಾರ ಪಕ್ಕದೂರಿನ ಪುಟ್ಟಬಸಮ್ಮನ ಮನೆಯಿಂದ ಫೋನು ಬಂತು, ಹಿತ್ತಲ ಮೋಟಾರು ನಿಂತಿದೆಯೆಂದು. ರಾಜೇಂದ್ರನಿಗೆ ಆ ಮನೆ ಬಲು ಚೆನ್ನಾಗಿ ಗೊತ್ತು. ಲೈನಿಗೆ ಸೇರಿದ ಹೊಸತರಲ್ಲಿ ಅಲ್ಲಿ ಅವನಿಗೆ ಊಟ ಹೊರಗೆ, ಬೇಲಿಯ ಹತ್ತಿರ, ಮುತ್ತುಗದ ಎಲೆಯಲ್ಲಿ. ಕೆಲವು ವರ್ಷದ ಮೇಲೆ ಜಗುಲಿಯಲ್ಲಿ, ಅವನಿಗೆಂದೇ ಬೇರೆ ಇಟ್ಟ ತಟ್ಟೆಯಲ್ಲಿ. ಮೂರು ವರ್ಷದಿಂದ ನಡುಮನೆಯಲ್ಲಿ, ಮನೆಯವರ ತಟ್ಟೆಯಲ್ಲೇ. ಎಲೆಯಿಂದ ತಟ್ಟೆಗೆ, ಹೊರಗಿನಿಂದ ಒಳಗೆ ಬಂದದ್ದನ್ನು ಅವರೂ ಆಡಲಿಲ್ಲ, ಇವನೂ ಆಡಲಿಲ್ಲ.

ಫ್ಯೂಸು ಹಾಕಿ ಕೈ ತೊಳೆದ. ಅಂದು ಯಾರೂ ಉಣ್ಣಲು ಕರೆಯಲಿಲ್ಲ. ಪುಟ್ಟಬಸಮ್ಮ ನೀರಿನ ಚೊಂಬು ಕೊಟ್ಟು ಬಾಗಿಲಿಗೊರಗಿ ನಿಂತರು. ಜಗುಲಿಯ ಮೇಲೆ ಅವರ ಗಂಡ ಶಂಭುಲಿಂಗಪ್ಪ ಪೇಪರು ಓದುತ್ತಿದ್ದರು.

"ಒಂದ್ ಮಾತ್ ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡ," ಅಂದರು ಆಕೆ. "ಒಂದೂವರೆ ತಿಂಗ್ಳಾಯ್ತು, ನಮ್ಮನೇಲಿ ಒಂದ್ ತುತ್ತು ಮುಟ್ಟಿಲ್ಲ ನೀನು. ಇವ್ರು ಅಂತಾರೆ, ಉಡುಗ ಈಗ ಊಟಕ್ಕೆ ಬದ್ಲು ಕಾಸು ಕೇಳ್ತಾನೇನೋ ಅಂತ. ನಂಗ್ ಅಂಗ್ ಅನ್ಸಕಿಲ್ಲ. ಆಗ ಬೇಲಿ ತಾವ ಎಲೆ ಆಕಿದ್ವಲ್ಲ, ಅದು ಈಗ ನೆಪ್ಪಾಯ್ತಾ ನಿಂಗೆ?"

ರಾಜೇಂದ್ರ ಚೊಂಬನ್ನು ಕೆಳಗಿಟ್ಟ. ಈ ಪ್ರಶ್ನೆ ಅವನು ಇನ್ನೂ ಹನ್ನೊಂದು ವರ್ಷ ಕಾದಿದ್ದರೂ ಬರುತ್ತಿರಲಿಲ್ಲವೇನೋ. ಹೊಟ್ಟೆ ಇಳಿಸಲು ಹೋಗಿ ಬಂದಿತ್ತು.

"ಅದು ನೆಪ್ಪು ಓಗಿದ್ರೆ ತಾನೆ ಅವ್ವಾರೇ, ಈಗ ಬರಾಕೆ," ಅಂದ. "ಆದ್ರೆ ನಾ ಉಣ್ದೇ ಓಗ್ತಿದ್ದದ್ದು ಅದ್ಕಲ್ಲ." ಪರೀಕ್ಷೆಯ ವಿಷಯವನ್ನು, ಓಟವನ್ನು, ಕಂಬದ ನಡುವೆ ಸಿಕ್ಕಿಕೊಂಡದ್ದನ್ನು, ನಾದಿನಿ ಹೇಳಿದ ಮರಳು ಚೀಲವನ್ನೂ ಮೊದಲ ಸಲ ಹೊರಗಿನವರ ಮುಂದೆ ಹೇಳಿದ. "ಇವತ್ತು ಉಣ್ತೀನಿ. ಪಾಯ್ಸ ಮಾತ್ರ ಬ್ಯಾಡಿ."

ಪುಟ್ಟಬಸಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋಗಿ ಹುರುಳಿ ಬಸ್ಸಾರು ಬಿಸಿಗಿಟ್ಟರು. ಶಂಭುಲಿಂಗಪ್ಪ ಪೇಪರು ಮಡಿಸಿ, ತಾವು ಕಾಸಿನ ಮಾತಾಡಿದ್ದನ್ನು ಮುಚ್ಚಿಹಾಕುವವರಂತೆ ಗಂಟಲು ಸರಿಮಾಡಿಕೊಂಡರು.

"ಭಾರಕ್ಕೆ ಮಳ್ಳು ಚೀಲ ಯಾತಕ್ಕಯ್ಯ? ಕೊಟ್ಗೆ ತಾವ ನಮ್ಮಪ್ಪನ ಕಾಲದ ಗುಂಡುಕಲ್ಲು ಅದೆ. ನಾನೂ ವಯಸ್ನಲ್ಲಿ ಎತ್ತಿದ್ದೆ. ಈಗ ಬಾಗ್ಲಿಗೆ ಒತ್ತು ಕೊಟ್ಟು ಬಿದ್ದದೆ. ಎತ್ಕೊಂಡೋಗು, ಎತ್ತಾಕಾದ್ರೆ."

ಕಲ್ಲು ನಲವತ್ತು ಕೆಜಿಗೆ ಕಡಿಮೆಯಿರಲಿಲ್ಲ. ನುಣ್ಣಗಿತ್ತು, ಹಿಡಿಯಲು ಮೂಲೆಯೇ ಇರಲಿಲ್ಲ. ಮೊದಲ ಸಲ ಮೊಣಕಾಲಿನವರೆಗೆ ಬಂದು ಜಾರಿತು. ಬೈಕಿಗೆ ಅದನ್ನು ಶಂಭುಲಿಂಗಪ್ಪನವರೂ ಕೈಹಾಕಿ ಕಟ್ಟಬೇಕಾಯಿತು.

ಅಂದಿನಿಂದ ಹೆಮ್ಮರಗಾಲದ ಬೆಳಗಿಗೆ ಹೊಸದೊಂದು ನೋಟ ಸೇರಿತು. ಸೋಮವಾರ, ಬುಧವಾರ, ಶುಕ್ರವಾರ ರಾಜೇಂದ್ರ ಮನೆಯ ಹಿಂದಿನ ಹುಣಸೆ ಕೊಂಬೆಗೆ ಜೋತು ಬೀಳುತ್ತಿದ್ದ, ಬಸ್ಕಿ ಹೊಡೆಯುತ್ತಿದ್ದ, ಕಲ್ಲನ್ನು ಎದೆಗಪ್ಪಿಕೊಂಡು ಕಣದ ಆ ತುದಿಗೆ ನಡೆದು ಹಿಂದಿರುಗುತ್ತಿದ್ದ. ನೀರಿಗೆ ಹೊರಟ ಹೆಂಗಸರು, "ಕೂಸು ಮಲಗ್ತಾ ರಾಜೇಂದ್ರಣ್ಣ?" ಎಂದು ಕೇಳುತ್ತಿದ್ದರು. "ಇನ್ನೂ ಅಳ್ತಾ ಅದೆ ಕಣಕ್ಕ," ಎಂದು ಅವನು ಏದುಸಿರಲ್ಲೇ ಹೇಳುತ್ತಿದ್ದ. ಮಂಗಳವಾರ, ಶನಿವಾರ ನಾಲೆಯ ಏರಿ. ಗುರುವಾರ ಇಂದ್ರಾಣಿಯ ಜೊತೆ ಹೊಲದವರೆಗೆ ನಡಿಗೆ. ಭಾನುವಾರ ಸುಮ್ಮನಿರಬೇಕು, ಅಂದು ಮಾತ್ರ ಅವನು ಬಾಗಿಲಿಗೂ ಬೀದಿಗೂ ಓಡಾಡಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ನಾಲ್ಕನೇ ವಾರ ಮತ್ತೆ ತಕ್ಕಡಿ ಹತ್ತಿದ. ಎಪ್ಪತ್ತಮೂರೂವರೆ. ಎರಡೂವರೆ ಕೆಜಿ ಹಿಂದಿರುಗಿ ಬಂದಿತ್ತು. ಅಂಗಡಿಯ ಮೆಟ್ಟಿಲ ಮೇಲೇ ನಿಂತು ಸಂಘಮಿತ್ರಾಳಿಗೆ ಫೋನು ಮಾಡಿದ.

"ಏರ್ತಾ ಅದೆ ಕಣವ್ವ. ನಿನ್ ಮಾತ್ ಕೇಳಿ ಕೆಟ್ಟೆ."

"ಬೆಲ್ಟು ಯಾವ ತೂತಲ್ಲಿದೆ ಭಾವ?"

ನೋಡಿಕೊಂಡ. "ಅದೇ ತೂತಲ್ಲೇ ಅದೆ. ಸಡ್ಲ ಬೇರೆ ಆಗದೆ."

"ಮತ್ತೆ ಏರಿದ್ದು ಎಲ್ಲಿಗೆ ಹೋಯ್ತು? ಕೊಂಬೇಲಿ ಎಷ್ಟು ಸಲ ಆಗುತ್ತೆ ಈಗ?"

"ಆರು."

"ಮೊದ್ಲು ಎರಡಿತ್ತು. ತಕ್ಕಡಿ ಬಿಡಿ, ಪರೀಕ್ಷೇಲಿ ತಕ್ಕಡಿ ಇಲ್ಲ."

ಅವನು ಫೋನು ಇಟ್ಟ. ಹಿಟ್ಟು ಬಿಡಲೇ, ಏಳೂ ದಿನ ಓಡಲೇ ಎಂದು ಮನಸ್ಸು ಎಳೆಯಿತು. ಆದರೆ ಅದನ್ನು ಆಗಲೇ ಮಾಡಿ ನೋಡಿಯಾಗಿತ್ತು. ಮಾರನೆಯ ದಿನ ಬುಧವಾರ, ಕಲ್ಲಿನ ದಿನ. ಅವನು ಕಲ್ಲನ್ನೇ ಎತ್ತಿದ. ತಕ್ಕಡಿಯ ಕಡೆಗೆ ಮತ್ತೆ ಹೋಗಲಿಲ್ಲ.

ಪರೀಕ್ಷೆ ಮೈಸೂರಿನ ಹೊರಗಿನ ಮೈದಾನದಲ್ಲಿ. ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಕಾಗಿತ್ತು. ಸಾಲಿನಲ್ಲಿ ಅವನೇ ಹಿರಿಯ. ಹೆಚ್ಚಿನವರು ಅವನ ಅರ್ಧ ವಯಸ್ಸಿನವರು, ಸೊಂಟವೇ ಇಲ್ಲದವರು. ಸೀಟಿ ಊದಿದೊಡನೆ ಅವರೆಲ್ಲ ಬಾಣದಂತೆ ಹೋದರು. ರಾಜೇಂದ್ರ ಅವರ ಹಿಂದೆ ಬೀಳಲಿಲ್ಲ. ಏರಿಯ ಮೇಲಿನ ತನ್ನ ಉಸಿರಿನ ಲೆಕ್ಕದಲ್ಲೇ ಮೊದಲ ಸುತ್ತು ಮುಗಿಸಿದ. ಎರಡನೆಯದರಲ್ಲಿ ಇಬ್ಬರು ಪಕ್ಕೆ ಹಿಡಿದು ನಡೆಯುತ್ತಿದ್ದರು, ಅವರನ್ನು ದಾಟಿದ. ಕೊನೆಯ ಇನ್ನೂರು ಮೀಟರಿಗೆ ಕಾಲು ಬಿಚ್ಚಿದ. ಮೂರು ನಿಮಿಷ ಐವತ್ತಮೂರು ಸೆಕೆಂಡು.

ಗುಂಡು ಎರಡನೇ ಎಸೆತಕ್ಕೆ ಗೆರೆ ದಾಟಿತು.

ಕಂಬದ ಸರದಿ ಬರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು, ತೊಡೆ ಇನ್ನೂ ಅದುರುತ್ತಿತ್ತು. ಕಂಬದ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದ ಸಾಹೇಬರು ಪಟ್ಟಿಯಿಂದ ತಲೆಯೆತ್ತಿ ಅವನ ಮುಖ ನೋಡಿದರು, ಆಮೇಲೆ ಅಂಗಿಯ ನಡುವನ್ನು. ಹೊಟ್ಟೆ ಪೂರ್ತಿ ಹೋಗಿರಲಿಲ್ಲ.

"ಓಡಿ ಸುಸ್ತಾಗಿದೀರ. ಈ ಹೊಟ್ಟೆ ಹೊತ್ಕೊಂಡು ಹತ್ತೀರೇನ್ರೀ?"

"ಎಲ್ಲಿ ಇಟ್ ಬರ್ಲಿ ಸಾ," ಅಂದ ರಾಜೇಂದ್ರ. "ಜೊತೇಲೇ ಅತ್ತದೆ."

ಅಂಗೈಗೆ ಮಣ್ಣು ಉಜ್ಜಿಕೊಂಡು ಕಂಬ ಹಿಡಿದ. ಮೊದಲ ನಾಲ್ಕು ಹಿಡಿತ ಹಗುರವಾಗಿ ಹೋಯಿತು. ಅರ್ಧ ದಾಟಿದ ಮೇಲೆ ಮುಂಗೈ ಉರಿಯತೊಡಗಿತು. ಆ ಉರಿ ಅವನಿಗೆ ಹೊಸದಲ್ಲ. ತೋಳನ್ನು ಎಳೆಯುವುದು ಬಿಟ್ಟು ತೊಡೆಯಿಂದ ಮೇಲಕ್ಕೆ ತಳ್ಳಿದ. ಒಂದು ಸಲ ನಿಂತ. ಕೆಳಗೆ ಯಾರೋ "ಆಗಲ್ಲ ಬಿಡ್ರೀ" ಎಂದದ್ದು ಕೇಳಿಸಿತು. ಅವನು ನಿಂತದ್ದು ಸೋತಲ್ಲ, ಉಸಿರು ಹಿಡಿದುಕೊಳ್ಳಲು. ಎರಡು ಸಲ ಒಳಗೆ, ಎರಡು ಸಲ ಹೊರಗೆ. ಬೆರಳು ಬಿಚ್ಚಿಕೊಳ್ಳಲಿಲ್ಲ. ಮತ್ತೆ ತೊಡೆ, ಮತ್ತೆ ತೋಳು, ಮತ್ತೆ ತೊಡೆ. ತುದಿಯ ಕೆಂಪು ಬಣ್ಣದ ಪಟ್ಟೆಯ ಮೇಲೆ ಅಂಗೈಯನ್ನು ಚಟ್ಟೆಂದು ಹೊಡೆದ. ಆ ಸದ್ದು ಕೆಳಗಿನವರಿಗೆ ಕೇಳಿಸುವಷ್ಟಿತ್ತು.

"ಆಯ್ತು, ಇಳೀರಿ," ಎಂದರು ಸಾಹೇಬರು.

ಅವನು ಜಾರಲಿಲ್ಲ. ಹತ್ತಿದ ಹಾಗೆಯೇ, ಒಂದೊಂದೇ ಹಿಡಿತ ಬಿಟ್ಟು ಒಂದೊಂದೇ ಹಿಡಿದು ನೆಲ ಮುಟ್ಟಿದ. ಸಾಹೇಬರು ಅವನ ಹೆಸರಿನ ಮುಂದೆ ಪಾಸಿನ ಗುರುತು ಹಾಕಿ ಪಟ್ಟಿಯನ್ನು ಅವನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಬೆರಳು ಇನ್ನೂ ಕಂಬವನ್ನೇ ಹಿಡಿದಂತೆ ಬಾಗಿತ್ತು. ಎಡಗೈಯಿಂದ ಅದನ್ನು ಬಿಡಿಸಿ, ಪೆನ್ನು ಕೂರಿಸಿ, ರಾಜೇಂದ್ರ ನಿಧಾನವಾಗಿ ಸಹಿ ಮಾಡಿದ.